ಗ್ರಾಮೀಣ ತಾಯಂದಿರು ಮತ್ತು ಯೋಗಾಭ್ಯಾಸ: ಕಲಿಸುವ ಮೊದಲು ಕಲಿಯಬೇಕಾದುದು



ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು 2015ರಿಂದ ಆಚರಿಸುತ್ತಿದ್ದೇವೆ. ಅಂದು ಶಾಲೆಗಳ ಮೈದಾನಗಳಲ್ಲಿ, ಸಮುದಾಯ ಭವನಗಳಲ್ಲಿ ಸಾಲು ಸಾಲಾಗಿ ಜನರು ಕುಳಿತು ಆಸನಗಳನ್ನು ಮಾಡುವುದನ್ನು ಕಂಡು ಸಂತೋಷಪಡುತ್ತೇವೆ. ಆದರೆ ಆ ಸಾಲುಗಳಲ್ಲಿ ಹೊಲದಲ್ಲಿ ದುಡಿಯುವ ತಾಯಂದಿರು ಎಷ್ಟು ಮಂದಿ ಇರುತ್ತಾರೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. ‘ದಿನವಿಡೀ ದುಡಿಯುವವರಿಗೆ ಯೋಗದ ಅಗತ್ಯವೇ ಇಲ್ಲ’ ಎಂಬುದು ಒಂದು. ‘ಅವರಿಗೆ ಆರೋಗ್ಯದ ತಿಳಿವಳಿಕೆ ಇಲ್ಲ’ ಎಂಬುದು ಇನ್ನೊಂದು. ಈ ಎರಡೂ ಉತ್ತರಗಳು ತಪ್ಪು. ಮೂವತ್ತಕ್ಕೂ ಹೆಚ್ಚು ವರ್ಷ ಹಳ್ಳಿಗಳಲ್ಲಿ ಆಯುರ್ವೇದ ವೃತ್ತಿಯನ್ನು ನಡೆಸಿದ ನಾನು ಕೂಡ ಬಹುಕಾಲ ಮೊದಲನೆಯ ತಪ್ಪಿನಲ್ಲಿಯೇ ಇದ್ದೆ. ಅದನ್ನು ತಿದ್ದಿದವರು ನನ್ನ ಮಗಳ ವಯಸ್ಸಿನ ಒಬ್ಬ ಯೋಗ ಶಿಕ್ಷಕಿ ಮತ್ತು ಎರೆಭೂಮಿಯ ಒಂದು ಹಳ್ಳಿಯ ತಾಯಂದಿರು. ಅವರ ಅನುಭವವನ್ನೇ ಈ ಸಂಚಿಕೆಯ ಆರೋಗ್ಯ ಪಾಠವಾಗಿ ನಿಮ್ಮ ಮುಂದಿಡುತ್ತಿದ್ದೇನೆ. ವಿಷಯವು ಸೂಕ್ಷ್ಮವಾದುದರಿಂದ ಊರಿನ ಹೆಸರನ್ನಾಗಲಿ, ವ್ಯಕ್ತಿಗಳ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ.

ಮೂವತ್ತು ಜನರಿಂದ ಮೂವರಿಗೆ

ಆ ಊರಿನ ಸ್ತ್ರೀಶಕ್ತಿ ಸಂಘದವರು ತಮಗೂ ಒಂದು ಯೋಗ ವರ್ಗ ಬೇಕೆಂದು ಕೇಳಿದಾಗ ಪಟ್ಟಣದಲ್ಲಿ ತರಬೇತಿ ಪಡೆದ ಈ ಶಿಕ್ಷಕಿಯನ್ನು ನಾನೇ ಪರಿಚಯಿಸಿದೆ. ಸಮುದಾಯ ಭವನದಲ್ಲಿ ಬೆಳಿಗ್ಗೆ 6 ಗಂಟೆಗೆ ವರ್ಗ ಎಂದು ನಿಶ್ಚಯವಾಯಿತು. ಮೊದಲ ದಿನ ಸುಮಾರು ಮೂವತ್ತು ತಾಯಂದಿರು ಬಂದರು. ಶಿಕ್ಷಕಿಯು ತಾನು ಕಲಿತಂತೆಯೇ ಸೂರ್ಯನಮಸ್ಕಾರ, ಮುಂದಕ್ಕೆ ಬಾಗುವ ಆಸನಗಳು ಮತ್ತು ಕಪಾಲಭಾತಿಯನ್ನು ಹೇಳಿಕೊಟ್ಟಳು. ಮೂರನೆಯ ದಿನ ಹನ್ನೆರಡು ಜನರು ಉಳಿದರು. ಎಂಟನೆಯ ದಿನಕ್ಕೆ ಉಳಿದವರು ಮೂವರು ಮಾತ್ರ. ಅವರಲ್ಲಿ ಇಬ್ಬರು ಕಾಲೇಜಿಗೆ ಹೋಗುವ ಹುಡುಗಿಯರು.

ನಿರಾಶಳಾಗಿ ಬಂದ ಆಕೆಗೆ, ‘ಅವರಿಗೆ ದುಡಿಮೆಯೇ ವ್ಯಾಯಾಮ, ಬಿಟ್ಟುಬಿಡು’ ಎಂದು ನಾನು ಸುಲಭವಾಗಿ ಹೇಳಿದೆ. ಆಕೆ ಬಿಡಲಿಲ್ಲ. ಬಾರದವರನ್ನು ಆಕ್ಷೇಪಿಸುವ ಬದಲು, ಏಕೆ ಬರಲಿಲ್ಲವೆಂದು ತಿಳಿಯಲು ಮನೆ ಮನೆಗೆ ಹೋದಳು. ಒಬ್ಬ ಹಿರಿಯ ತಾಯಿ ಒಲೆಯ ಮುಂದಿನಿಂದ ಏಳದೆಯೇ ಉತ್ತರ ಕೊಟ್ಟರು:

“ಹೊತ್ತು ಹುಟ್ಟೂದ್ರಾಗ ರೊಟ್ಟಿ ಬಡದು ಬುತ್ತಿ ಕಟ್ಟಬೇಕವ್ವಾ. ಆರಕ್ಕ ಬಾ ಅಂದ್ರ ಹೆಂಗ ಬರೂದು? ಕುಂತು ಕುಂತು ಮೈ ಬಂದೋರು ಬೇಕಾದ್ರ ವ್ಯಾಯಾಮ ಮಾಡ್ಲಿ. ನಾವು ದುಡದು ದುಡದು ಸೊರಗೀವಿ.”

ಈ ಮಾತಿನಲ್ಲಿ ತಿರಸ್ಕಾರವಿರಲಿಲ್ಲ, ಇದ್ದ ಸ್ಥಿತಿಯ ವರದಿ ಇತ್ತು. ಶಿಕ್ಷಕಿ ಅದನ್ನು ಹಾಗೆಯೇ ಸ್ವೀಕರಿಸಿದಳು. ವರ್ಗವನ್ನು ನಿಲ್ಲಿಸಿ, ಕಳೆ ತೆಗೆಯುವ ಆ ಹಂಗಾಮಿನಲ್ಲಿ ಎರಡು ವಾರಗಳ ಕಾಲ ಅವರೊಂದಿಗೆ ಹೊಲಕ್ಕೆ ಹೋದಳು.

ಹೊಲದಲ್ಲಿ ಕಲಿತ ಪಾಠ

ಮೊದಲ ದಿನವೇ ಆಕೆಗೆ ಒಂದು ಅರಿವು ಮೂಡಿತು. ತಾನು ಚಾಪೆಯ ಮೇಲೆ ಒಂದು ನಿಮಿಷ ಮಾಡಿ ತೋರಿಸುವ ಮಾಲಾಸನದಲ್ಲಿ ಈ ತಾಯಂದಿರು ತಾಸುಗಟ್ಟಲೆ ಕುಳಿತು ಸಾಲಿನುದ್ದಕ್ಕೂ ಮುಂದೆ ಸಾಗುತ್ತಿದ್ದರು. ಆಕೆಯ ಮೊಣಕಾಲು ಅರ್ಧ ತಾಸಿಗೇ ನಡುಗಿತು. ನಕ್ಕು, ಅವರೇ ಆಕೆಯನ್ನು ಬದುವಿನ ಮೇಲೆ ಕೂಡಿಸಿ ತಮ್ಮ ಬುತ್ತಿಯಿಂದ ರೊಟ್ಟಿ ಹಂಚಿಕೊಂಡರು. ಅಂದಿನಿಂದ ‘ಟೀಚರ್ರು’ ಎಂಬ ಸಂಬೋಧನೆ ಹೋಗಿ ‘ತಂಗಿ’ ಎಂಬ ಮಾತು ಬಂದಿತು.

ಈ ಎರಡು ವಾರಗಳಲ್ಲಿ ಆಕೆ ಬರೆದುಕೊಂಡ ಟಿಪ್ಪಣಿಗಳನ್ನು ನನಗೆ ತೋರಿಸಿದಳು. ಒಬ್ಬ ತಾಯಿಯ ದೇಹವು ಒಂದು ದಿನದಲ್ಲಿ ಪಡುವ ಶ್ರಮದ ಲೆಕ್ಕ ಅದರಲ್ಲಿತ್ತು. ನಸುಕಿನಲ್ಲಿ ಕಸ ಗುಡಿಸುವಾಗ, ರೊಟ್ಟಿ ಬಡಿಯುವಾಗ, ಹೊಲದಲ್ಲಿ ಕಳೆ ತೆಗೆಯುವಾಗ, ಪಾತ್ರೆ ತೊಳೆಯುವಾಗ, ಬಟ್ಟೆ ಒಗೆಯುವಾಗ ಬೆನ್ನು ಮುಂದಕ್ಕೇ ಬಾಗಿರುತ್ತದೆ. ಇಡೀ ದಿನದಲ್ಲಿ ಬೆನ್ನು ಹಿಂದಕ್ಕೆ ಬಾಗುವ ಒಂದೇ ಒಂದು ಕೆಲಸವಿಲ್ಲ. ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನನ್ನು ಒಂದೇ ಸೊಂಟದ ಮೇಲೆ ಹೊತ್ತು ತರುತ್ತಾರೆ. ಅಂದರೆ 20 ಕಿಲೋ ಭಾರ ಸದಾ ಒಂದೇ ಬದಿಗೆ ಬೀಳುತ್ತದೆ. ಇಂತಹವರಿಗೆ ಮುಂದಕ್ಕೆ ಬಾಗುವ ಆಸನಗಳನ್ನೇ ಮತ್ತೆ ಕಲಿಸುವುದು ದಣಿದ ಎತ್ತಿಗೆ ಇನ್ನೊಂದು ಸುತ್ತು ಗಾಣ ಹೂಡಿದಂತೆ.

ಇಲ್ಲಿ ಒಂದು ಇತಿಹಾಸವನ್ನು ನೆನೆಯುವುದು ಉಚಿತ. ಇಂದು ನಾವು ಕಾಣುವ, ಉಸಿರಿನೊಂದಿಗೆ ಜಿಗಿದು ಬಾಗುವ ಆಸನ ಸರಣಿಗಳಲ್ಲಿ ಹಲವು ನಮ್ಮ ಮೈಸೂರಿನಲ್ಲಿಯೇ ರೂಪುಗೊಂಡವು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಅವುಗಳನ್ನು ಕಲಿಸಿದರು. ಅವರ ‘ಯೋಗ ಮಕರಂದ’ ಗ್ರಂಥವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಆ ಶಾಲೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬೆಳೆಯುವ ವಯಸ್ಸಿನ ಬಾಲಕರು. ಅವರಿಗೆ ಒಪ್ಪುವ ಸರಣಿಯು ನಾಲ್ಕು ಹೆರಿಗೆ ಕಂಡ, ಐವತ್ತು ದಾಟಿದ ತಾಯಿಗೆ ಒಪ್ಪಬೇಕೆಂದೇನೂ ಇಲ್ಲ. ಅದೇ ಆಚಾರ್ಯರು ಮುಂದೆ ಮದ್ರಾಸಿನಲ್ಲಿ ಒಬ್ಬೊಬ್ಬರ ವಯಸ್ಸು, ಶಕ್ತಿ, ಸ್ಥಿತಿಗಳನ್ನು ನೋಡಿ ಬೇರೆ ಬೇರೆ ಅಭ್ಯಾಸಗಳನ್ನು ಹೇಳಿಕೊಡುತ್ತಿದ್ದರು. ನಮ್ಮ ಶಿಕ್ಷಕಿಯೂ ಇದನ್ನೇ ಹೊಲದ ಬದುವಿನ ಮೇಲೆ ಸ್ವಂತವಾಗಿ ಕಂಡುಕೊಂಡಳು.

ಹಿಂದಿನ ಸಾಲಿನವರ ಮಾತು

ಆಕೆ ಇನ್ನೊಂದು ವಿಷಯವನ್ನು ಗಮನಿಸಿದಳು. ಸುಡುವ ಬಿಸಿಲಿನಲ್ಲಿಯೂ ತಾಯಂದಿರು ನೀರನ್ನು ಬಹಳ ಕಡಿಮೆ ಕುಡಿಯುತ್ತಿದ್ದರು. ತಂಬಿಗೆ ಪಕ್ಕದಲ್ಲಿಯೇ ಇರುತ್ತಿತ್ತು. ಕಾರಣ ಕೇಳಿದಾಗ ಒಬ್ಬರು ಮೆಲ್ಲನೆ ಹೇಳಿದರು:

“ನೀರ ಕುಡದ್ರ ಎದ್ದು ಹೋಗಬೇಕಾಗತೈತಿ ತಂಗಿ. ಎಲ್ಲಿಗೆ ಹೋಗೂದು? ಸುತ್ತೆಲ್ಲ ಬಯಲು, ಗಂಡಸರು ಅಡ್ಡಾಡತಾರ. ಹೊತ್ತು ಮುಣುಗೂ ತನಕ ತಡಕೊಂಡಿರತೀವಿ.”

ಊರಲ್ಲಿ ಮನೆಗೊಂದು ಶೌಚಾಲಯ ಬಂದಿದೆ, ನಿಜ. ಆದರೆ ತಾಯಂದಿರ ಹಗಲು ಕಳೆಯುವುದು ಮನೆಯಲ್ಲಲ್ಲ, ಹೊಲದಲ್ಲಿ.

ಕೆಲವು ದಿನಗಳ ನಂತರ, ಮೊದಲ ವಾರದ ವರ್ಗದಲ್ಲಿ ಸದಾ ಹಿಂದಿನ ಸಾಲಿನಲ್ಲಿ ಕುಳಿತು, ಕಪಾಲಭಾತಿ ಆರಂಭವಾದೊಡನೆ ಸೆರಗು ಸರಿಪಡಿಸಿಕೊಂಡು ಎದ್ದುಹೋಗುತ್ತಿದ್ದ ತಾಯಿಯೊಬ್ಬರು ಆಕೆಯೊಂದಿಗೆ ಒಂಟಿಯಾಗಿ ಮನೆಗೆ ನಡೆದು ಬರುವಾಗ ಬಾಯಿಬಿಟ್ಟರು.

“ಕೆಮ್ಮಿದ್ರ, ಸೀನಿದ್ರ ತಡಿಯಾಕ ಆಗೂದಿಲ್ಲವ್ವಾ. ಕೊಡ ಎತ್ತಿದ್ರ ಕೆಳಗ ಏನೋ ಜಾರಿ ಬಂದಂಗ ಆಗತೈತಿ. ಹನ್ನೆರಡು ವರ್ಷ ಆತು. ಯಾರಿಗೂ ಹೇಳಿಲ್ಲ.”

“ದೊಡ್ಡವ್ವಾ, ಡಾಕ್ಟರ್ರಿಗೂ ಹೇಳಿಲ್ಲೇನು?”

“ಅವ್ರು ಕೇಳಲಿಲ್ಲ, ನಾ ಹೇಳಲಿಲ್ಲ.”

ಆ ತಾಯಿಯ ಒಪ್ಪಿಗೆ ಪಡೆದು ಶಿಕ್ಷಕಿ ಈ ಮಾತನ್ನು ನನಗೆ ತಿಳಿಸಿದಳು. ಆ ತಾಯಿ ನನ್ನದೇ ರೋಗಿ. ಅನೇಕ ವರ್ಷಗಳಿಂದ ಸೊಂಟನೋವೆಂದು ಬರುತ್ತಿದ್ದರು. ನಾನು ಮಹಾನಾರಾಯಣ ತೈಲ, ಯೋಗರಾಜ ಗುಗ್ಗುಳುಗಳನ್ನು ಕೊಟ್ಟು ಕಳುಹಿಸುತ್ತಿದ್ದೆ. ‘ನೋವು ಯಾವಾಗ ಹೆಚ್ಚುತ್ತದೆ, ಕೆಳಹೊಟ್ಟೆಯಲ್ಲಿ ಭಾರವೆನಿಸುತ್ತದೆಯೇ, ಮೂತ್ರ ತಡೆಯಲು ಕಷ್ಟವೇ’ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಕೆಲಸವನ್ನು ಒಬ್ಬ ಶುಶ್ರೂಷಕಿಗೂ ವಹಿಸಿರಲಿಲ್ಲ. ಗರ್ಭಕೋಶ ಕೆಳಗೆ ಜಾರಿರುವ ಇಂತಹ ಸ್ಥಿತಿಯಲ್ಲಿ ಹೊಟ್ಟೆಯ ಮೇಲೆ ರಭಸದಿಂದ ಒತ್ತಡ ಹಾಕುವ ಕಪಾಲಭಾತಿಯನ್ನು ಮಾಡಿಸಿದ್ದರೆ ಉಪಕಾರದ ಬದಲು ಅಪಕಾರವಾಗುತ್ತಿತ್ತು. ವರ್ಗದಿಂದ ಎದ್ದುಹೋದ ಆ ತಾಯಿಗೆ ತನ್ನ ದೇಹದ ತಿಳಿವಳಿಕೆ ನಮ್ಮಿಬ್ಬರಿಗಿಂತಲೂ ಚೆನ್ನಾಗಿತ್ತು. ಮುಂದೆ ನಿಧಾನವಾಗಿ ಇನ್ನೂ ನಾಲ್ವರು ತಾಯಂದಿರು ಇದೇ ತೊಂದರೆಯನ್ನು ಶಿಕ್ಷಕಿಗೆ ಹೇಳಿಕೊಂಡರು.

ಚರಕರ ಒಂದೇ ಅಧ್ಯಾಯ

ಅಂದು ರಾತ್ರಿ ವಿದ್ಯಾರ್ಥಿ ದೆಸೆಯಲ್ಲಿ ಓದಿದ ಚರಕ ಸಂಹಿತೆಯನ್ನು ಮತ್ತೆ ತೆರೆದೆ. ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಆಚಾರ್ಯರು ವ್ಯಾಯಾಮದ ಲಕ್ಷಣವನ್ನು ಹೇಳಿದ್ದಾರೆ. ಮನಸ್ಸಿಗೆ ಇಷ್ಟವಾದ, ದೇಹಕ್ಕೆ ಸ್ಥಿರತೆಯನ್ನೂ ಬಲವನ್ನೂ ಕೊಡುವ, ಮಿತವಾದ ಚಲನೆಯೇ ವ್ಯಾಯಾಮ. ಮಿತಿ ಮೀರಿದರೆ ಅದೇ ಶ್ರಮ, ಕ್ಷಯ, ಬಾಯಾರಿಕೆಗಳನ್ನು ತರುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಹೊಲದ ದುಡಿಮೆ ಪೂಜ್ಯವಾದ ಕಾಯಕವೇ ಹೊರತು ವ್ಯಾಯಾಮವಲ್ಲ. ಅದರ ಮಿತಿಯನ್ನು ನಿರ್ಧರಿಸುವುದು ಬೆಳೆ, ಕೂಲಿ ಮತ್ತು ಸಂಸಾರ, ದುಡಿಯುವವಳ ಶಕ್ತಿಯಲ್ಲ. ‘ದುಡಿಮೆಯೇ ವ್ಯಾಯಾಮ’ ಎಂಬ ನನ್ನ ಮಾತು ಶಾಸ್ತ್ರಕ್ಕೂ ವಿರುದ್ಧವಾಗಿತ್ತು.

ಅದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೊಂದಿದೆ. ವ್ಯಾಯಾಮವನ್ನು ಹೇಳುವ ಈ ಅಧ್ಯಾಯವು ವ್ಯಾಯಾಮದಿಂದ ಆರಂಭವಾಗುವುದಿಲ್ಲ. ತಡೆಯಬಾರದ ಹದಿಮೂರು ದೇಹವೇಗಗಳಿಂದ ಆರಂಭವಾಗುತ್ತದೆ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ ಮತ್ತು ಶ್ರಮದಿಂದ ಬರುವ ಏದುಸಿರು ಇವೇ ಆ ಹದಿಮೂರು. ಮೂತ್ರವನ್ನು ತಡೆದರೆ ಮೂತ್ರಾಶಯದಲ್ಲಿ ನೋವು, ಮೂತ್ರವಿಸರ್ಜನೆಯಲ್ಲಿ ಕಷ್ಟ, ತಲೆನೋವು ಉಂಟಾಗುತ್ತವೆ ಎಂದು ಅಲ್ಲಿಯೇ ಹೇಳಿದೆ. ನೀರು ಕಡಿಮೆ ಕುಡಿದು ಮೂತ್ರ ತಡೆಯುವುದರಿಂದ ಮೂತ್ರಕೋಶದ ಸೋಂಕಿಗೆ ಎಡೆಯಾಗುತ್ತದೆಂದು ಇಂದಿನ ವೈದ್ಯಶಾಸ್ತ್ರವೂ ಎಚ್ಚರಿಸುತ್ತದೆ.

ಈಗ ನಮ್ಮ ತಾಯಂದಿರ ಒಂದು ದಿನವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿರಿ. ಹೊಲದಲ್ಲಿ ಮೂತ್ರ, ಮಲಗಳನ್ನು ತಡೆಯುತ್ತಾರೆ. ಅದಕ್ಕಾಗಿ ಬಾಯಾರಿಕೆಯನ್ನು ತಡೆಯುತ್ತಾರೆ. ಮನೆಯವರೆಲ್ಲ ಉಂಡ ಮೇಲೆ ಉಣ್ಣಬೇಕೆಂದು ಹಸಿವನ್ನು ತಡೆಯುತ್ತಾರೆ. ಎಲ್ಲರಿಗಿಂತ ತಡವಾಗಿ ಮಲಗಿ ಎಲ್ಲರಿಗಿಂತ ಮೊದಲು ಎದ್ದು ನಿದ್ದೆಯನ್ನು ತಡೆಯುತ್ತಾರೆ. ಸಾಲಿನಲ್ಲಿ ಹಿಂದೆ ಬೀಳಬಾರದೆಂದು ಏದುಸಿರನ್ನು ನುಂಗುತ್ತಾರೆ. ಕಣ್ಣೀರಿನ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಹದಿಮೂರರಲ್ಲಿ ಏಳನ್ನು ದಿನನಿತ್ಯ ತಡೆಯುವ ದೇಹಕ್ಕೆ ಆಸನವನ್ನು ಕಲಿಸಿದರೆ, ಅಧ್ಯಾಯದ ಮೊದಲ ಭಾಗವನ್ನು ಹಾರಿಸಿ ಎರಡನೆಯ ಭಾಗವನ್ನು ಓದಿಸಿದಂತಾಗುತ್ತದೆ. ಶಾಸ್ತ್ರವನ್ನು ಓದಿದ ನನಗೆ ಹೊಳೆಯದ ಈ ಕ್ರಮ, ಅವರೊಂದಿಗೆ ಹೊಲದಲ್ಲಿ ಕುಳಿತ ಶಿಕ್ಷಕಿಗೆ ಹೊಳೆಯಿತು.

ಆದ್ದರಿಂದ ಅವಳು ಆರಂಭಿಸಿದ ಮೊದಲ ‘ಯೋಗ’ ಆಸನವಾಗಿರಲಿಲ್ಲ. ನಾಲ್ಕು ಕೋಲುಗಳು ಮತ್ತು ಎರಡು ಹಳೆಯ ಸೀರೆಗಳಿಂದ, ಹೊಲದ ಮೂಲೆಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಬಹುದಾದ ಒಂದು ಮರೆಯನ್ನು ತಾಯಂದಿರೇ ಸಿದ್ಧಪಡಿಸಿದರು. ಕೂಲಿಗೆ ಹೋಗುವ ಪ್ರತಿಯೊಂದು ಗುಂಪೂ ಅದನ್ನು ಬುತ್ತಿಯೊಡನೆ ಒಯ್ಯತೊಡಗಿತು. ತಂಬಿಗೆಯ ನೀರು ಮಧ್ಯಾಹ್ನದೊಳಗೆ ಖಾಲಿಯಾಗತೊಡಗಿತು.

ಸಂಜೆಯ ಇಪ್ಪತ್ತೈದು ನಿಮಿಷ

ವರ್ಗದ ವೇಳೆಯನ್ನು ತಾಯಂದಿರೇ ನಿಶ್ಚಯಿಸಿದರು. ಹೊಲದಿಂದ ಬಂದು, ಕೈಕಾಲು ಮುಖ ತೊಳೆದು, ಒಲೆ ಹಚ್ಚುವ ಮೊದಲಿನ ಇಪ್ಪತ್ತೈದು ನಿಮಿಷ. ಗಂಡಸರು ಅಡ್ಡಾಡುವ ಬೀದಿಗೆ ಕಾಲು ಚಾಚಿ ಮಲಗುವುದು ಅವರಿಗೆ ಸಂಕೋಚವೆಂದು ಭವನದ ಬಾಗಿಲು ಹಾಕಿಕೊಳ್ಳುವ ವ್ಯವಸ್ಥೆಯಾಯಿತು. ಅಲ್ಲಿ ಅನುಸರಿಸುವ ಕ್ರಮವನ್ನು ಮನೆಯಲ್ಲಿಯೂ ಅನುಸರಿಸಬಹುದು. ಸೀರೆಯನ್ನು ಸ್ವಲ್ಪ ಸಡಿಲಿಸಿಕೊಂಡರೆ ಸಾಕು, ಬೇರೆ ಉಡುಪು ಬೇಕಾಗಿಲ್ಲ.

1. ಕಾಲುಗಳಿಗೆ ವಿಶ್ರಾಂತಿ: ನೆಲದ ಮೇಲೆ ಅಂಗಾತ ಮಲಗಿ ಮೀನಖಂಡಗಳನ್ನು ಕುರ್ಚಿಯ ಅಥವಾ ಕಟ್ಟೆಯ ಮೇಲಿಡಬೇಕು. ಐದು ನಿಮಿಷ ಸಹಜವಾಗಿ ಉಸಿರಾಡಬೇಕು. ದಿನವಿಡೀ ಬಾಗಿದ ಸೊಂಟಕ್ಕೂ ಬಾತ ಕಾಲಿಗೂ ಇದು ಮೊದಲ ಉಪಚಾರ.

2. ಮಕರಾಸನ ಮತ್ತು ಸೌಮ್ಯ ಭುಜಂಗಾಸನ: ಬೋರಲಾಗಿ ಮಲಗಿ ಎರಡು ನಿಮಿಷ ವಿಶ್ರಮಿಸಬೇಕು. ಅನಂತರ ಮೊಣಕೈಗಳನ್ನು ನೆಲಕ್ಕೂರಿ ಎದೆಯನ್ನು ಮಾತ್ರ ಮೆಲ್ಲನೆ ಎತ್ತಿ, ಮೂರು ಉಸಿರು ನಿಂತು ಇಳಿಯಬೇಕು. ಹೀಗೆ ಐದು ಸಲ.

3. ಶ್ರೋಣಿತಲದ ಅಭ್ಯಾಸ: ಅಂಗಾತ ಮಲಗಿ ಮೊಣಕಾಲು ಮಡಚಬೇಕು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ಮೇಲಕ್ಕೆ ಸೆಳೆದು ಐದು ಎಣಿಸುವವರೆಗೆ ಹಿಡಿದು, ಐದು ಎಣಿಸುವವರೆಗೆ ಸಂಪೂರ್ಣ ಸಡಿಲಿಸಬೇಕು. ಹೀಗೆ ಹತ್ತು ಸಲ. ಉಸಿರು ಕಟ್ಟಬಾರದು, ಹೊಟ್ಟೆಯನ್ನು ಕೆಳಕ್ಕೆ ಒತ್ತಬಾರದು. ಮೂತ್ರ ಮಾಡುವಾಗ ಇದನ್ನು ಅಭ್ಯಾಸ ಮಾಡಬಾರದು. ಮೂರು-ನಾಲ್ಕು ತಿಂಗಳು ನಿಯಮಿತವಾಗಿ ಮಾಡಿದರೆ ಆರಂಭದ ಹಂತದ ಜಾರುವಿಕೆಯಲ್ಲಿಯೂ, ಕೆಮ್ಮಿದಾಗ ಮೂತ್ರ ಜಿನುಗುವುದರಲ್ಲಿಯೂ ಬಹುಮಂದಿಗೆ ಹಿತವಾಗುತ್ತದೆ.

4. ಸೇತುಬಂಧಾಸನ: ಅದೇ ಸ್ಥಿತಿಯಲ್ಲಿ ಉಸಿರು ಬಿಡುತ್ತ ಸೊಂಟವನ್ನು ಸ್ವಲ್ಪ ಮಾತ್ರ ಎತ್ತಿ ಇಳಿಸಬೇಕು. ಐದು ಸಲ ಸಾಕು.

5. ಭ್ರಾಮರಿ: ಗೋಡೆಗೆ ಒರಗಿ ಕುಳಿತು, ಉಸಿರು ಬಿಡುವಾಗ ದುಂಬಿಯಂತೆ ಮೆಲ್ಲನೆ ನಾದ ಮಾಡಬೇಕು. ಐದು ನಿಮಿಷ. ರಾತ್ರಿಯ ನಿದ್ದೆಗೆ ಇದು ಸಹಾಯಕ.

ಅಭ್ಯಾಸದ ಮಿತಿಗೆ ನಮ್ಮ ಆಚಾರ್ಯರು ಹೇಳಿದ ಅಳತೆ ‘ಅರ್ಧ ಶಕ್ತಿ’. ಹಣೆ, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿಯಿಂದ ಉಸಿರಾಡಬೇಕೆನಿಸಿದರೆ ಅರ್ಧ ಶಕ್ತಿ ಮುಗಿಯಿತೆಂದು ತಿಳಿಯಬೇಕು. ಹೊಲದಿಂದ ಬಂದವರಲ್ಲಿ ಆ ಅರ್ಧವು ಆಗಲೇ ವೆಚ್ಚವಾಗಿರುತ್ತದೆ. ಆದ್ದರಿಂದ ಕಳೆ ತೆಗೆಯುವ, ಹತ್ತಿ ಬಿಡಿಸುವ ದಿನಗಳಲ್ಲಿ ಮೊದಲನೆಯ ಮತ್ತು ಐದನೆಯ ಅಭ್ಯಾಸಗಳೊಂದಿಗೆ ಶ್ರೋಣಿತಲದ ಅಭ್ಯಾಸವಿದ್ದರೆ ಸಾಕು.

ಭಾರ ಎತ್ತುವಾಗಲೂ ಯೋಗವಿದೆ. ಕೊಡವನ್ನು ದೇಹದ ಸಮೀಪಕ್ಕೆ ತಂದುಕೊಂಡು, ಸೊಂಟದ ಬದಲು ಮೊಣಕಾಲು ಬಾಗಿಸಿ, ಶ್ರೋಣಿತಲವನ್ನು ಮೇಲಕ್ಕೆ ಸೆಳೆದು, ಉಸಿರು ಬಿಡುತ್ತ ಎತ್ತಬೇಕು. ತುಂಬಿದ ಒಂದು ಕ್ಯಾನಿಗಿಂತ ಅರ್ಧ ತುಂಬಿದ ಎರಡು ಸಲ ಲೇಸು.

ಎಚ್ಚರಿಕೆಗಳು

ಗರ್ಭಕೋಶ ಜಾರಿದವರು, ಗರ್ಭಿಣಿಯರು, ಅಧಿಕ ರಕ್ತದೊತ್ತಡ ಅಥವಾ ಅತಿಯಾದ ಮುಟ್ಟಿನ ಸ್ರಾವ ಇರುವವರು ಕಪಾಲಭಾತಿ, ಭಸ್ತ್ರಿಕಾ, ಉಡ್ಡಿಯಾನ, ನೌಲಿಗಳನ್ನು ಮಾಡಬಾರದು. ಎರಡೂ ಕಾಲುಗಳನ್ನು ಒಟ್ಟಿಗೆ ಎತ್ತುವ ಅಭ್ಯಾಸವೂ ಬೇಡ. ಗರ್ಭಿಣಿಯರು ಬೋರಲಾಗಿ ಮಲಗುವ ಅಭ್ಯಾಸಗಳನ್ನು ಬಿಟ್ಟು, ಉಳಿದುದನ್ನು ವೈದ್ಯರನ್ನು ಕೇಳಿಯೇ ಮಾಡಬೇಕು.

ಆಯುರ್ವೇದವು ಸ್ತ್ರೀರೋಗಗಳಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ವಿವರಿಸಿದೆ. ಸ್ಥಾನದಿಂದ ಜಾರುವ ಸ್ಥಿತಿಯೂ ಅದರಲ್ಲಿ ಸೇರಿದೆ. ಅಂದರೆ ಇದು ನಾಚಿಕೆಯ ವಿಷಯವಲ್ಲ, ಶಾಸ್ತ್ರವೇ ಗುರುತಿಸಿದ ರೋಗ. ಆದರೆ ಎಲ್ಲ ಹಂತಗಳಿಗೂ ಕಷಾಯ, ಎಣ್ಣೆಗಳೇ ಸಾಕೆಂದು ಆಯುರ್ವೇದ ವೈದ್ಯನಾದ ನಾನು ಹೇಳಲಾರೆ. ಗಡ್ಡೆಯಂತೆ ಹೊರಗೆ ಬರುವುದು, ಹುಣ್ಣಾಗುವುದು, ಮೂತ್ರ ಕಟ್ಟುವುದು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಕೋಶ ತೆಗೆಸುವುದೊಂದೇ ದಾರಿಯಲ್ಲ. ಒಳಗೆ ಆಧಾರವಾಗಿ ಕೂಡಿಸುವ ಉಂಗುರದಿಂದಲೂ ಅನೇಕರಿಗೆ ನೆಮ್ಮದಿ ಸಿಗುತ್ತದೆ.

ಅಭ್ಯಾಸದ ಮೊದಲು ರಕ್ತ ಪರೀಕ್ಷೆಯೂ ಅಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆ ಉಳ್ಳವರು. ಗರ್ಭಿಣಿಯಲ್ಲದ ಸ್ತ್ರೀಯ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು. ಎದ್ದಾಗ ತಲೆ ಸುತ್ತುವವರಿಗೆ ಆಸನಕ್ಕಿಂತ ಮೊದಲು ಕಬ್ಬಿಣಾಂಶದ ಚಿಕಿತ್ಸೆ ಬೇಕು. ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಊಟದಲ್ಲಿ ರಾಜಗಿರಿ, ಮೆಂತ್ಯ, ಪುಂಡಿಪಲ್ಯ, ಮೊಳಕೆಯ ಹೆಸರುಕಾಳು, ಗುರೆಳ್ಳು ಹಿಂಡಿ ಇರಲಿ. ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಹೀರಿಕೆಯಾಗುತ್ತದೆ. ಊಟದೊಂದಿಗೆ ಅಥವಾ ಊಟವಾದೊಡನೆ ಚಹಾ ಕುಡಿದರೆ ಆ ಲಾಭ ತಪ್ಪುತ್ತದೆ. ಒಂದು ತಾಸಾದರೂ ಬಿಟ್ಟು ಕುಡಿಯಬೇಕು.

ಮನೆಯವರ ಪಾಲು

ಒಂದು ವರ್ಷ ಕಳೆದಿದೆ. ಮೂವರಿಗೆ ಇಳಿದಿದ್ದ ವರ್ಗಕ್ಕೆ ಈಗ ಹದಿನೆಂಟು ಮಂದಿ ಬರುತ್ತಾರೆ. ಸುಗ್ಗಿಯಲ್ಲಿ ಸಂಖ್ಯೆ ಇಳಿಯುತ್ತದೆ, ಅನಂತರ ಏರುತ್ತದೆ. ತೊಂದರೆ ಹೇಳಿಕೊಂಡ ಐವರಲ್ಲಿ ಇಬ್ಬರಿಗೆ ಅಭ್ಯಾಸದಿಂದಲೇ ಹಗುರವಾಗಿದೆ. ಒಬ್ಬರಿಗೆ ಉಂಗುರ ಕೂಡಿಸಲಾಗಿದೆ. ಹನ್ನೆರಡು ವರ್ಷ ಮೌನವಾಗಿದ್ದ ತಾಯಿಗೆ ಶಸ್ತ್ರಚಿಕಿತ್ಸೆಯಾಗಿ, ಈಗ ಭಾರ ಎತ್ತದೆ ಆರಾಮವಾಗಿದ್ದಾರೆ. ಐದನೆಯವರು ಪರೀಕ್ಷೆಗೆ ಇನ್ನೂ ಒಪ್ಪಿಲ್ಲ. ಶಿಕ್ಷಕಿ ಅವರನ್ನು ಒತ್ತಾಯಿಸದೆ, ವಾರಕ್ಕೊಮ್ಮೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮಾತಾಡಿ ಬರುತ್ತಾಳೆ. ನನ್ನ ಚಿಕಿತ್ಸಾಲಯದಲ್ಲಿ ಈಗ ಸೊಂಟನೋವೆಂದು ಬಂದ ಪ್ರತಿಯೊಬ್ಬ ತಾಯಿಯನ್ನೂ ಶುಶ್ರೂಷಕಿಯು ಒಳಕೋಣೆಗೆ ಕರೆದು ಆ ಮೂರು ಪ್ರಶ್ನೆಗಳನ್ನು ಕೇಳುತ್ತಾಳೆ.

ಬಂಧುಗಳೇ, ಯೋಗ ಕಲಿಸುವವರು ನಿಮ್ಮ ಊರಿಗೆ ಬಂದರೆ ಮೊದಲ ವಾರ ಅವರನ್ನು ನಿಮ್ಮ ಹೊಲಕ್ಕೂ ಅಡುಗೆಮನೆಗೂ ಕರೆದೊಯ್ಯಿರಿ. ಮನೆಯ ಗಂಡಸರಿಗೆ ನನ್ನ ಬೇಡಿಕೆ ಮೂರೇ: ನೀರಿನ ಕ್ಯಾನನ್ನು ನೀವು ಹೊತ್ತು ತನ್ನಿರಿ. ನಿಮ್ಮ ಹೊಲಕ್ಕೆ ಕೂಲಿಗೆ ಬರುವ ತಾಯಂದಿರಿಗೆ ಒಂದು ಮರೆಯನ್ನು ಮಾಡಿಕೊಡಿರಿ. ಸಂಜೆ ಒಲೆ ಹಚ್ಚುವುದು ಇಪ್ಪತ್ತೈದು ನಿಮಿಷ ತಡವಾದರೆ ತಾಳಿಕೊಳ್ಳಿರಿ. ಕಾಯಕಕ್ಕೆ ಕಾಯವೇ ಸಾಧನ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವ ಕಾಯವು ಏನನ್ನು ತಡೆದುಕೊಂಡು ಕುಳಿತಿದೆ ಎಂಬುದನ್ನು ಇಂದು ಒಮ್ಮೆ ಕೇಳಿ ನೋಡಿರಿ.